ತೌಡಿಗೆ ಕೊಂಡ ಮಗಳು

ಬಂಗಾರಪೇಟೆಯ ರೈಲ್ವೆ ಗೇಟಿನ ಬಳಿ ಮುನೀಂದ್ರನ ವೆಲ್ಡಿಂಗ್ ಅಂಗಡಿ. ಊರಿನ ಅರ್ಧ ಮನೆಗಳ ಗೇಟು, ಗ್ರಿಲ್ಲು, ಅಗುಳಿ, ಚಿಲಕಗಳೆಲ್ಲ ಅವನ ಕೈಯಲ್ಲೇ ತಯಾರಾದವು. ಅವನ ಸ್ವಂತ ಮನೆಯಲ್ಲಿ ಮಾತ್ರ ಬೀದಿಬಾಗಿಲು ಬಿಟ್ಟರೆ ಇನ್ಯಾವ ಬಾಗಿಲಿಗೂ ಚಿಲಕವಿಲ್ಲ. ಬಚ್ಚಲಮನೆಗೂ ಇಲ್ಲ. ಮನೆಗೆ ಬಂದ ನೆಂಟರು ಬಚ್ಚಲಿಗೆ ಹೋದರೆ ಒಳಗಿರುವಷ್ಟು ಹೊತ್ತೂ ಕೆಮ್ಮುತ್ತಲೋ ದೇವರನಾಮ ಹೇಳುತ್ತಲೋ ಇರಬೇಕು. ಮುನೀಂದ್ರನ ಚಿಕ್ಕಪ್ಪ ವೆಂಕಟೇಶಪ್ಪನವರು ಸಂಕೋಚದ ಮನುಷ್ಯರು, ಹಾಡೂ ಬಾರದು. ಎರಡು ದಿನ ಇರುತ್ತೇನೆಂದು ಬಂದವರು ಅದೇ ಸಾಯಂಕಾಲ ಬಸ್ಸು ಹತ್ತಿದರು.

ಇದೆಲ್ಲ ಅವನ ಹೆಂಡತಿ ಪುಷ್ಪಳ ಏರ್ಪಾಡು. ಮದುವೆಯಾಗಿ ಬಂದ ಹೊಸದರಲ್ಲೇ ಅವಳು ಗಂಡನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಚಿಲಕಗಳನ್ನು ಬಿಚ್ಚಿಸಿದ್ದಳು. ಬೇರೆ ಹೆಂಡತಿಯರು ರೇಷ್ಮೆ ಸೀರೆ ಕೇಳುತ್ತಾರೆ, ಇವಳು ಚಿಲಕ ಬಿಚ್ಚು ಎನ್ನುತ್ತಾಳೆ, ಸದ್ಯ ಅಗ್ಗದಲ್ಲಿ ಮುಗಿಯಿತು ಎಂದು ಮುನೀಂದ್ರ ನಗುತ್ತಲೇ ಬಿಚ್ಚಿದ. ಯಾಕೆಂದು ಕೇಳಿದ್ದಕ್ಕೆ, "ಮುಚ್ಚಿದ್ ರೂಮಲ್ಲಿ ಉಸ್ರು ಕಟ್ಟಂಗಾಯ್ತದೆ" ಎಂದಳು. ಅವನು ಮತ್ತೆ ಕೇಳಲಿಲ್ಲ. ಹೆಂಡತಿಯರಿಗೆ ಇರಬಹುದಾದ ಹುಚ್ಚುಗಳಲ್ಲಿ ಇದು ತೀರ ಸಾಧುವಾದದ್ದು ಎಂದು ಅವನ ಅಭಿಪ್ರಾಯ.

ಆ ಸಾಧು ಹುಚ್ಚು ಈಗ ಹಾಯುವುದಕ್ಕೆ ಕಲಿತಿತ್ತು. ಎರಡು ಬಸಿರು ಹೋಗಿ ಮೂರನೆಯದಕ್ಕೆ ಹುಟ್ಟಿದ ಮಗಳು ನವ್ಯಳಿಗೆ ಆರು ತಿಂಗಳು ತುಂಬಿತ್ತು. ಪುಷ್ಪಳ ಹೆರಿಗೆ ರಜೆಯೂ ಮುಗಿದಿತ್ತು. ಸೋಮವಾರ ಬೆಳಗ್ಗೆ ಅವಳು ಎಂದಿನ ಹಾಗೆ ಬೆಂಗಳೂರಿನ ರೈಲು ಹತ್ತಿ ವೈಟ್‌ಫೀಲ್ಡಿನ ಕಡೆಯ ಬಟ್ಟೆ ಫ್ಯಾಕ್ಟರಿಗೆ ಹೋಗಬೇಕು. ಹೋಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆಂದು ಸೂಪರ್‌ವೈಸರ್ ಕಲ್ಪನ ಫೋನಿನಲ್ಲಿ ನಯವಾಗಿಯೇ ಹೇಳಿದ್ದಳು. ಮಗುವನ್ನು ನೋಡಿಕೊಳ್ಳಲು ಪುಷ್ಪಳ ತಾಯಿ ನರಸಮ್ಮ ಮೈಸೂರು ಮೈನ್ಸಿನ ಚಿನ್ನದ ಗಣಿ ಕೂಲಿಗಳ ಲೈನ್ ಮನೆಗೆ ಬೀಗ ಹಾಕಿ, ಬಟ್ಟೆಗಂಟು ಹೊತ್ತು ಬಂದೂ ಆಗಿತ್ತು. ತಾಯಿಯೇ ಬಂದಿರುವಾಗ ನಿನಗೇನಮ್ಮ ಯೋಚನೆ, ಪುಣ್ಯ ಮಾಡಿದ್ದೀಯ ಎಂದು ಬೀದಿಯವರೆಲ್ಲ ಹೇಳಿದರು.

ಪುಣ್ಯವಂತೆಗೆ ಮಾತ್ರ ಮಗುವನ್ನು ಬಿಟ್ಟು ಹೊಸಿಲು ದಾಟಲು ಆಗುತ್ತಿರಲಿಲ್ಲ. ಬಿಟ್ಟುಹೋಗುವ ಅಭ್ಯಾಸ ಆಗಲಿ ಎಂದು ಮಂಗಳವಾರ ಕರಿಬೇವು ತರಲು ಹೊರಟಳು. ಬೀದಿಯ ತಿರುವಿನಿಂದಲೇ ಹಿಂತಿರುಗಿ ಬಂದು, ಕರಿಬೇವು ಇರಲಿಲ್ಲ ಎಂದಳು. ಬುಧವಾರ ಉಪ್ಪು ಇರಲಿಲ್ಲ. ಬಂಗಾರಪೇಟೆಯಲ್ಲಿ ಉಪ್ಪಿಗೆ ಬರ ಬಂದಿದ್ದನ್ನು ಕೇಳಿ ನರಸಮ್ಮನೂ ಅಳಿಯನೂ ಮುಖ ಮುಖ ನೋಡಿಕೊಂಡು ನಕ್ಕರು. ಗುರುವಾರ ಅವಳು ಹೋದವಳು ಬರಲೇ ಇಲ್ಲ. ಪರವಾಗಿಲ್ಲ, ಅಭ್ಯಾಸವಾಯಿತು ಎಂದುಕೊಳ್ಳುವಷ್ಟರಲ್ಲಿ ಹಾಲಿನ ಸುಬ್ರಮಣಿ ಅವಳನ್ನು ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕಿನ ಹಿಂದೆ ಪತ್ತೆ ಮಾಡಿದ. ಅಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ಮನೆಯ ಬಾಗಿಲನ್ನೇ ನೋಡುತ್ತಿದ್ದಳು.

"ಏನಕ್ಕಾ," ಎಂದ ಸುಬ್ರಮಣಿ, "ನಿಮ್ಮನೇಗೆ ನೀವೇ ಕನ್ನ ಆಕ್ತೀರಾ?"

ರಾತ್ರಿ ಊಟಕ್ಕೆ ಕೂತಾಗ ಮುನೀಂದ್ರ ಅದನ್ನೇ ಎತ್ತಿಕೊಂಡ. "ಲೇ, ನಿಮ್ಮಮ್ಮ ಮಗೂನ ಏನ್ ಮಾರ್ಕೊಂಡ್ಬುಡ್ತಾರಾ?"

"ಮಾರಿದ್ರೂ ಮಾರ್ತೀನಿ ಕಣಪ್ಪ," ಎಂದಳು ನರಸಮ್ಮ ಮುದ್ದೆ ಮುರಿಯುತ್ತ. "ನಮ್ಮನೇಲಿ ಅದು ವಾಡಿಕೆ. ನಿನ್ನೆಂಡ್ತೀನೂ ತೌಡಿಗೆ ಕೊಂಡಿದ್ದೇಯ."

ಅಲ್ಲಿಗೆ ಆ ಕತೆ ಶುರುವಾಯಿತು. ಅಳಿಯ ಅದನ್ನು ಎಷ್ಟೋ ಸಲ ಕೇಳಿದ್ದ. ಆದರೂ ಇನ್ನೊಮ್ಮೆ ಹೇಳಿ ಅತ್ತೆ ಎಂದ, ಏಕೆಂದರೆ ನರಸಮ್ಮ ಹೇಳಿದರೆ ನಗದ ಮನುಷ್ಯನಿಲ್ಲ. ಸಾವಿನ ಮನೆಯಲ್ಲೂ ಅವಳ ಸುತ್ತ ನಾಲ್ಕು ಜನ ಬಾಯಿಗೆ ಸೆರಗು ಮುಚ್ಚಿಕೊಂಡಿರುತ್ತಾರೆ.

ಕತೆಯ ಮೊದಲ ಭಾಗ ಹೀಗೆ. ನರಸಮ್ಮನಿಗೆ ಮೊದಲೆರಡು ಮಕ್ಕಳು ತೊಟ್ಟಿಲಲ್ಲೇ ತೀರಿಕೊಂಡವು. ಮೂರನೆಯದು ಪುಷ್ಪ. ಅದನ್ನಾದರೂ ಉಳಿಸಿಕೊಳ್ಳಬೇಕಲ್ಲ, ಅದಕ್ಕೊಂದು ಉಪಾಯವಿದೆ. ಮಗುವನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬಂದುಬಿಡುವುದು. ಬೇರೆ ಮನೆಯವಳೊಬ್ಬಳು ಅದನ್ನು ಎತ್ತಿಕೊಂಡು ಹೋಗುವುದು. ಆಮೇಲೆ ತಾಯಿ ಅವಳ ಬಾಗಿಲಿಗೆ ಹೋಗಿ, ಒಂದು ಸೇರು ತೌಡು ಕೊಟ್ಟು ಮಗುವನ್ನು ಕೊಂಡುಕೊಳ್ಳುವುದು. ಇದು ನಿನ್ನ ಮಗುವಲ್ಲ, ತಿಪ್ಪೆಯಲ್ಲಿ ಸಿಕ್ಕಿದ್ದು, ತೌಡಿನ ಬೆಲೆಯದು ಎಂದುಕೊಂಡು ದೇವರು ಅದರ ತಂಟೆಗೆ ಬರುವುದಿಲ್ಲ. ದೇವರನ್ನು ಇಷ್ಟು ಸುಲಭವಾಗಿ ಏಮಾರಿಸಬಹುದೇ ಎಂದು ನೀವು ಕೇಳಬಹುದು. ಆ ಲೈನ್ ಮನೆಗಳಲ್ಲಿ ಕನ್ನಡದವರು, ತಮಿಳರು, ತೆಲುಗರು ಯಾವುದಕ್ಕೂ ಒಪ್ಪದೆ ನೀರಿನ ನಲ್ಲಿಯ ಮುಂದೆ ದಿನಾ ಜಗಳವಾಡುತ್ತಿದ್ದರು, ಇದೊಂದಕ್ಕೆ ಮಾತ್ರ ಮೂರು ಭಾಷೆಯವರೂ ಒಪ್ಪುತ್ತಿದ್ದರು. ಪುಷ್ಪಳನ್ನು ತಿಪ್ಪೆಯಿಂದ ಎತ್ತಿಕೊಂಡವಳು ಪಕ್ಕದ ಮನೆಯ ಆರುಮುಗಂ ಹೆಂಡತಿ ಕುಪ್ಪಮ್ಮ. ಅವಳಿಗೆ ಮಕ್ಕಳಿರಲಿಲ್ಲ. ತೌಡನ್ನೇನೋ ತೆಗೆದುಕೊಂಡಳು, ಆದರೆ ಮಗುವಿನ ಮೇಲಿನ ಹಕ್ಕನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಹುಡುಗಿ ಹಗಲೆಲ್ಲ ಅವಳ ಮನೆಯಲ್ಲೇ ಬಿದ್ದಿರುತ್ತಿತ್ತು, ಅವಳನ್ನು ಪೆರಿಯಮ್ಮ, ಅಂದರೆ ದೊಡ್ಡಮ್ಮ, ಎಂದು ಕರೆಯುತ್ತಿತ್ತು.

ಎರಡನೆಯ ಭಾಗ ಬಂದಾಗ ನರಸಮ್ಮ ಕೈ ತೊಳೆದು, ಕಾಲು ಚಾಚಿ ಕೂತಳು.

"ಇವ್ಳಿಗೆ ಐದು ವರ್ಸ. ಇಬ್ರ ಗಂಡಂದಿರೂ ಗಣಿ ಒಳಗವ್ರೆ. ಮದ್ಯಾನ ಒಳ್ಗೆ ಬಂಡೆ ಸಿಡೀತು ನೋಡು, ನೆಲ ಗಡಗಡಾಂತ ನಡುಗ್ತು. ಅಂಗ್ ನಡುಗಿದ್ರೆ ಎಂಗಸ್ರೆಲ್ಲ ಶಾಫ್ಟ್ ಅತ್ರ, ಗಂಡಸ್ರು ಗಣಿಗಿಳಿಯೋ ಬಾವಿ ಅತ್ರ, ಓಡ್ತಿದ್ವಿ. ನಾನೂ ಓಡ್ದೆ, ಕುಪ್ಪಮ್ಮನೂ ಓಡಿದ್ಲು. ನಾ ಅಂದ್ಕೊಂಡೆ ಮಗು ಕುಪ್ಪಮ್ಮನತ್ರ ಐತೆ ಅಂತ. ಅವ್ಳು ಅಂದ್ಕೊಂಡ್ಳು ನನ್ನತ್ರ ಐತೆ ಅಂತ. ಇಬ್ರೂ ಶಾಫ್ಟ್ ಮುಂದೆ ಕೂತ್ಕೊಂಡು ರಾತ್ರಿಯೆಲ್ಲ ಗಂಡಂದಿರ್ಗೆ ಅಳ್ತಾ ಇದೀವಿ! ಬೆಳಗ್ಗೆ ಅವ್ರನ್ನ ಕರ್ಕೊಂಡು ಬಂದು ನೋಡಿದ್ರೆ ಕುಪ್ಪಮ್ಮನ ಮನೆ ಬಾಗ್ಲಿಗೆ ಸರಪಳಿ ಆಕೈತೆ. ಒಳ್ಗೆ ಮಂಚದ ಕೆಳ್ಗೆ ಇವ್ಳು, ಬೆಲ್ಲದ ಡಬ್ಬಿ ತಬ್ಕೊಂಡು ನಿದ್ದೆ ಮಾಡ್ತಾವ್ಳೆ. ಮುಖದ್ ತುಂಬ ಇರುವೆ ಮೆರವಣಿಗೆ! ಎರಡ್ ಮನೆ ಮಗು ಎರಡು ಮನೇಗೂ ಇಲ್ದಂಗಾಯ್ತು."

ಮುನೀಂದ್ರ ನಕ್ಕು ನಕ್ಕು ನೀರು ಕುಡಿದ. ಪುಷ್ಪಳೂ ನಕ್ಕಳು. ಚಿಕ್ಕಂದಿನಿಂದ ಅವಳು ಈ ಕತೆಗೆ ನಗುತ್ತಲೇ ಬಂದಿದ್ದಳು. ಮದುವೆ, ಸೀಮಂತ, ನಾಮಕರಣ, ಎಲ್ಲಿ ನಾಲ್ಕು ಜನ ಸೇರಿದರೂ ಕತೆ ಬರುತ್ತಿತ್ತು, ಎಲ್ಲರೂ ತಿರುಗಿ ಅವಳ ಮುಖ ನೋಡುತ್ತಿದ್ದರು, ಅವಳು ಹಲ್ಲು ಬಿಡುತ್ತಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಗುವ ಇಲಿಯನ್ನು ನೀವು ನೋಡಿರಲಾರಿರಿ, ಪುಷ್ಪಳನ್ನು ನೋಡಿದ್ದರೆ ನೋಡಿದ ಹಾಗೆಯೇ.

ಏಕೆಂದರೆ ಅವಳ ನೆನಪಿನಲ್ಲಿದ್ದ ಕತೆ ಬೇರೆ. ಬೆಲ್ಲವನ್ನು ಅವಳು ತಿಂದೇ ಇರಲಿಲ್ಲ. ಆ ಕತ್ತಲಲ್ಲಿ ಗುರುತಿನ ವಾಸನೆ ಇದ್ದದ್ದು ಅದೊಂದಕ್ಕೆ, ಅದಕ್ಕೇ ತಬ್ಬಿಕೊಂಡಿದ್ದಳು. ಆ ರಾತ್ರಿ ಅವಳು ನಿದ್ದೆಯನ್ನೂ ಮಾಡಿರಲಿಲ್ಲ. ಮಧ್ಯಾಹ್ನ ನೆಲ ನಡುಗಿ ಎಚ್ಚರವಾದಾಗ ಪೆರಿಯಮ್ಮನ ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ಎಳೆದರೆ ಹೊರಗಿನ ಸರಪಳಿ ಸದ್ದಾಯಿತು, ಬಾಗಿಲು ಬರಲಿಲ್ಲ. ಅಮ್ಮಾ ಎಂದು ಕಿರುಚಿದಳು, ಪೆರಿಯಮ್ಮ ಎಂದು ಕಿರುಚಿದಳು. ಬಾಗಿಲಿನ ಕೆಳಗೆ ಸಂದಿ ಇತ್ತು, ಅದರಲ್ಲಿ ಬೆರಳುಗಳನ್ನು ಹೊರಗೆ ಚಾಚಿದಳು. ಆಗ ಯಾರೋ ಬಂದರು. ಯಾರೋ ಬಗ್ಗಿ ಅವಳ ಬೆರಳುಗಳನ್ನು ಹಿಡಿದು ಒತ್ತಿದರು. "ಸುಮ್ನಿರು ಕಂದಾ, ಈಗ್ ಬತ್ತೀನಿ" ಎಂದರು. ಆಮೇಲೆ ಓಡಿದರು.

ಅವಳು ಸುಮ್ಮನಿದ್ದಳು. ಸುಮ್ಮನಿದ್ದರೆ ಬರುತ್ತಾರೆ ಎಂದು ಹೇಳಿದ್ದಾರಲ್ಲ, ಅದಕ್ಕೇ ಸುಮ್ಮನಿದ್ದಳು. ಹೊತ್ತು ಮುಳುಗಿತು, ಕತ್ತಲಾಯಿತು, ಬೀದಿಯಲ್ಲಿ ಜನ ಓಡಾಡಿದರು. ಕೂಗಿದ್ದರೆ ಯಾರಾದರೂ ಸರಪಳಿ ತೆಗೆಯುತ್ತಿದ್ದರೋ ಏನೋ. ಅವಳು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ಬೆಳಗಿನ ತನಕ ಸುಮ್ಮನಿದ್ದಳು. ಮಾತು ಕೇಳುವ ಮಕ್ಕಳೆಂದರೆ ದೊಡ್ಡವರಿಗೆ ಬಹಳ ಇಷ್ಟ.

ಯಾರೋ ಬಂದಿದ್ದರು ಎಂದು ಅವಳು ಮಾರನೆಯ ದಿನವೇ ಹೇಳಿದ್ದಳು. ಕನಸು ಕಂಡಿರಬೇಕು ಎಂದಳು ತಾಯಿ. ಕನಸೇ ಇರಬೇಕು ಎಂದರು ಎಲ್ಲರೂ. ಆದರೆ ಬೆರಳು ಮರೆಯಲಿಲ್ಲ. ಬಂದವರು ಯಾರು? ತಾನು ಒಳಗಿದ್ದೇನೆಂದು ತಿಳಿದೂ ಬಿಟ್ಟುಹೋದವರು ಯಾರು? ದೊಡ್ಡವಳಾದ ಮೇಲೆ ಪುಷ್ಪ ಗುಟ್ಟಾಗಿ ಪತ್ತೇದಾರಿಕೆಗೆ ಇಳಿದಳು. ಲೈನಿನ ಮದುವೆಗಳಿಗೆ ಹೋದರೆ ಅಳುವ ಮಕ್ಕಳ ಹತ್ತಿರವೇ ಕೂರುತ್ತಿದ್ದಳು, ಹೆಂಗಸರು ಸುಮ್ನಿರು ಎನ್ನುವ ದನಿಯನ್ನು ಕೇಳಬೇಕೆಂದು. ಮಕ್ಕಳು ಅಳದಿದ್ದರೆ ಒಂದಿಬ್ಬರನ್ನು ಮೆಲ್ಲನೆ ಚಿವುಟಿದ್ದೂ ಉಂಟು. ಎಷ್ಟೋ ಅತ್ತೆಯರನ್ನೂ ಚಿಕ್ಕಮ್ಮಂದಿರನ್ನೂ ಹೀಗೆ ಪರೀಕ್ಷಿಸಿ ಖುಲಾಸೆ ಮಾಡಿದ್ದಳು. ತಾಯಿಯನ್ನು ಪರೀಕ್ಷಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ, ಅಥವಾ ಹೊಳೆಯದ ಹಾಗೆ ನೋಡಿಕೊಂಡಳು. ನರಸಮ್ಮ ಹೇಗಿದ್ದರೂ ಅಳುವ ಮಕ್ಕಳನ್ನು ನಗಿಸಿಯೇ ಬಾಯಿ ಮುಚ್ಚಿಸುವವಳು. ಆ ಮಾತು ಅವಳ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲ.

ಶನಿವಾರ ಮಧ್ಯಾಹ್ನ ಪುಷ್ಪ, ಸ್ಟೇಷನ್ನಿಗೆ ಹೋಗಿ ರೈಲಿನ ಪಾಸು ಮಾಡಿಸಿಕೊಂಡು ಬರುತ್ತೇನೆಂದು ಹೊರಟಳು. "ಟ್ಯಾಂಕ್ ಇಂದೆ ಬಿಸ್ಲು ಐತೆ, ಛತ್ರಿ ತಗೊಂಡೋಗು" ಎಂದಳು ನರಸಮ್ಮ. ಮಗಳು ಮುಖ ಕೆಂಪು ಮಾಡಿಕೊಂಡು, ಈ ಸಲ ನಿಜವಾಗಿಯೂ ಸ್ಟೇಷನ್ನಿಗೇ ಎಂದಳು. ಬೀದಿ ದಾಟಿದ ಮೇಲೆ ಹಿಂದಿನ ಓಣಿಯಿಂದ ಸುತ್ತಿಕೊಂಡು ಬಂದು ತನ್ನ ಹಿತ್ತಲಿಗೇ ನುಗ್ಗಿದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತರೆ ಕೋಣೆಯ ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ನವ್ಯ ಸೀರೆಯ ಜೋಲಿಯಲ್ಲಿ ಮಲಗಿದ್ದಳು. ನರಸಮ್ಮ ಹತ್ತಿರವೇ ಕೂತು ಅವರೆಬೇಳೆ ಆರಿಸುತ್ತ, ಮಲಗಿದ ಮಗುವಿಗೆ ಅದರಪ್ಪನ ಬೊಜ್ಜಿನ ವಿಷಯ ಹೇಳುತ್ತಿದ್ದಳು. ಇದನ್ನು ಕದ್ದು ನೋಡುವುದಕ್ಕೆ ಬಂದೆನಲ್ಲ ಎಂದು ಪುಷ್ಪಳಿಗೆ ನಾಚಿಕೆಯಾಯಿತು. ಇನ್ನು ಸ್ಟೇಷನ್ನಿಗೆ ಹೋಗೇಬಿಡೋಣ ಎಂದು ಹೆಜ್ಜೆ ಎತ್ತಿದಳು.

ಅಷ್ಟರಲ್ಲಿ ಊರಾಚೆಯ ಗುಡ್ಡದ ಕಲ್ಲುಕ್ವಾರಿಯಲ್ಲಿ ಸಿಡಿಮದ್ದು ಹಾರಿತು. ದಿನಾ ಕೇಳುವ ಸದ್ದೇ, ಆವತ್ತು ಸ್ವಲ್ಪ ದೊಡ್ಡದಾಯಿತು. ನೆಲ ಅದುರಿತು, ಅಟ್ಟದ ಪಾತ್ರೆಗಳು ಗಲಗಲ ಅಂದವು. ನವ್ಯ ಬೆಚ್ಚಿ ಕಿರುಚಿಕೊಂಡಳು.

ನರಸಮ್ಮ ಎದ್ದು ನಿಂತಳು. ಮೊರ ಮಗುಚಿ ಬೇಳೆ ನೆಲದ ತುಂಬ ಚೆಲ್ಲಿತು. ಅವಳ ಮುಖದಲ್ಲಿ ನಗುವಿರಲಿಲ್ಲ. ನಗುವಿಲ್ಲದ ಆ ಮುಖವನ್ನು ಪುಷ್ಪ ಹಿಂದೆಂದೂ ನೋಡಿರಲಿಲ್ಲ, ಬೇರೆ ಯಾರೋ ಹೆಂಗಸು ಮನೆಗೆ ನುಗ್ಗಿದ್ದಾಳೆ ಎನ್ನಿಸಿತು. ಆ ಹೆಂಗಸು ಜೋಲಿಯ ಹತ್ತಿರ ಬಂದು, ಹೊರಗೆ ಚಾಚಿಕೊಂಡಿದ್ದ ಮಗುವಿನ ಬೆರಳುಗಳನ್ನು ಹಿಡಿದು ಒತ್ತಿದಳು.

"ಸುಮ್ನಿರು ಕಂದಾ, ಈಗ್ ಬತ್ತೀನಿ."

ಅಂದವಳೇ ಬರಿಗಾಲಲ್ಲಿ ಓಡಿದಳು. ಬೀದಿಬಾಗಿಲನ್ನು ಎಳೆದುಕೊಂಡು, ಹೊರಗಿನ ಚಿಲಕವನ್ನೂ ಹಾಕಿಕೊಂಡು ಓಡಿದಳು.

ಹಿತ್ತಲ ಬಾಗಿಲಿನಿಂದ ಒಳಗೆ ಹೇಗೆ ಬಂದಳೋ ಪುಷ್ಪಳಿಗೆ ತಿಳಿಯದು. ಮಗುವನ್ನು ಎತ್ತಿ ಎದೆಗೊತ್ತಿಕೊಂಡು, ಚೆಲ್ಲಿದ ಬೇಳೆಯ ನಡುವೆ ಕೂತುಬಿಟ್ಟಳು. ಆ ದನಿ ಸಿಕ್ಕಿತ್ತು. ಇಷ್ಟು ವರ್ಷ ಊರೂರು ಹುಡುಕಿದ ದನಿ, ಇಷ್ಟು ವರ್ಷವೂ ಪಕ್ಕದಲ್ಲೇ ಕೂತು ನಗಿಸುತ್ತಿತ್ತು.

ರೈಲ್ವೆ ಗೇಟಿನ ಬಳಿ ಮುನೀಂದ್ರ ಅತ್ತೆಯನ್ನು ತಡೆದು ನಿಲ್ಲಿಸಿದ್ದ. "ಏನತ್ತೆ, ಯಾವ್ ರೈಲು ತಪ್ಪೋಯ್ತು?" ಎಂದದ್ದಕ್ಕೆ ಅವಳು ಅವನನ್ನು ಗುರುತು ಸಿಗದವಳ ಹಾಗೆ ನೋಡಿ, "ಶಾಫ್ಟ್ ಎಲ್ಲಪ್ಪ?" ಎಂದಳಂತೆ. ಗಣಿ ಮುಚ್ಚಿ ಎಷ್ಟೋ ಕಾಲವಾಗಿದೆ, ಮುಚ್ಚದಿದ್ದರೂ ಬಂಗಾರಪೇಟೆಯಲ್ಲಿ ಶಾಫ್ಟ್ ಎಲ್ಲಿಂದ ಬರಬೇಕು. ಅವನು ಕೈ ಹಿಡಿದು ಮನೆಗೆ ಕರೆತಂದ. ಬಾಗಿಲಲ್ಲಿ ಏನೋ ತಮಾಷೆ ಮಾಡಲು ಹೊರಟವನು ಹೆಂಡತಿಯ ಮುಖ ನೋಡಿ ನುಂಗಿಕೊಂಡ. ಟೀ ಮಾಡುತ್ತೇನೆ ಎಂದು ಅಡುಗೆಮನೆ ಸೇರಿದ. ಅವನಿಗೆ ಟೀ ಮಾಡಲು ಬರುತ್ತಿರಲಿಲ್ಲ.

"ಬೇಳೆ ಆರಿಸಿ ಆರಿಸಿ ತಲೆ ಕೆಟ್ಟೋಯ್ತು ನೋಡು," ಎಂದು ಶುರು ಮಾಡಿದಳು ನರಸಮ್ಮ. "ಮುದ್ಕೀಗೆ ಓಟದ್ ಪಂದ್ಯ..."

"ಆವತ್ತು ಬಂದೋಳು ನೀನು," ಎಂದಳು ಪುಷ್ಪ.

ನರಸಮ್ಮನ ಬಾಯಿ ತೆರೆದೇ ಇತ್ತು. ಮುಂದಿನ ತಮಾಷೆ ಬರಲಿಲ್ಲ. ಬಾಗಿಲ ಹತ್ತಿರವೇ ಗೋಡೆಗೊರಗಿ ಮೆಲ್ಲನೆ ಕೆಳಗೆ ಕೂತಳು.

"ನಾನೇಯ."

"ಸರಪಳಿ ಕೈಗೆಟುಕ್ತಿತ್ತು."

"ಎಟುಕ್ತಿತ್ತು."

"ಯಾಕಮ್ಮ ತೆಗೀಲಿಲ್ಲ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನರಸಮ್ಮ ಮಗಳ ಮುಖ ನೋಡದೆ, ಚೆಲ್ಲಿದ ಬೇಳೆಯನ್ನು ಒಂದೊಂದಾಗಿ ಆರಿಸುತ್ತ ಹೇಳಿದಳು. "ನಿನ್ನ ಎತ್ಕೊಂಡ್ರೆ ಓಡಕ್ಕಾಗಲ್ಲ ಅಂದ್ಕೊಂಡೆ. ಅಲ್ಲಿ ಯಾರ್ದು ಎಣ ಬತ್ತದೋ ಏನೋ, ಐದು ವರ್ಸದ್ ಕೂಸು ನೋಡ್ಬಾರ್ದು ಅಂತಾನೂ ಅಂದ್ಕೊಂಡೆ. ಒಂದ್ ಗಳಿಗೇಲಿ ವಾಪಸ್ ಬರಾಣ ಅಂತಿದ್ದೆ. ಅಲ್ಲಿ ಕುಪ್ಪಮ್ಮ ಸಿಕ್ಕುದ್ಳು. ಮಗು ಎಲ್ಲಿ ಅಂತ ಕೇಳುದ್ಳು. ನಮ್ಮನೇಲೇ ಐತೆ ಅಂದ್ಬುಟ್ಟೆ. ಇಲ್ಲಾಂದಿದ್ರೆ ಅವ್ಳು ಓಗಿ ತೆಗೀತಿದ್ಲು."

"ಯಾಕಂಗಂದೆ?"

ನರಸಮ್ಮ ಮಗುಚಿದ ಮೊರವನ್ನು ನೆಟ್ಟಗೆ ಮಾಡಿ ಹತ್ತಿರ ಎಳೆದುಕೊಂಡಳು. ಅವಳ ದನಿ ಸಣ್ಣದಾಗಿತ್ತು.

"ಅಷ್ಟೊತ್ತಿಗೆ ನಾನು ದೇವರತ್ರ ಮಾತಾಡ್ಬುಟ್ಟಿದ್ದೆ ಮಗಾ. ಒಂದ್ ತಗೊಂಡು ಒಂದ್ ಕೊಡಪ್ಪ ಅಂದಿದ್ದೆ. ಆ ಮಗು ನಂದಲ್ಲ, ತಿಪ್ಪೇಲಿ ಬುಟ್ಟಿರೋದು, ತೌಡಿಗೆ ತಂದಿರೋದು. ಗಂಡ ಮಾತ್ರ ನಂದು, ಅವ್ನನ್ನ ಮೇಲಕ್ಕೆ ಕಳ್ಸು ಅಂದೆ."

ಮಗುವನ್ನು ಉಳಿಸಲು ದೇವರಿಗೆ ಹೇಳಿದ ಸುಳ್ಳು ಅದು. ಅದನ್ನೇ ಆವತ್ತು ತಿರುಗಿಸಿ ಹೇಳಿದ್ದಳು.

"ಬೆಳಗ್ಗೆ ನಿಮ್ಮಪ್ಪ ಮೇಲಕ್ ಬಂದ್ರು. ಮೈಗೆ ಒಂದ್ ಗೀರೂ ಇರ್ಲಿಲ್ಲ. ಎಲ್ರೂ ಕುಣೀತಾವ್ರೆ, ನನಗೆ ಕೈಕಾಲು ತಣ್ಣಗಾಗೋಯ್ತು. ಕೊಟ್ಟವ್ನೆ ಅಂದ್ರೆ ತಗೊಂಡಿರ್ತಾನಲ್ಲ. ಬಾಗ್ಲು ತೆಗೆಯಕ್ಕೆ ನನಗೆ ಧೈರ್ಯ ಬರ್ಲಿಲ್ಲ. ಕುಪ್ಪಮ್ಮನ್ನ ಮುಂದೆ ಕಳ್ಸಿ, ನಾನು ಬೀದಿ ಕಡೆ ತಿರುಕ್ಕೊಂಡು ನಿಂತಿದ್ದೆ. ಅವ್ಳು ನಿನ್ನ ಎತ್ಕೊಂಡು ಬಂದಾಗ ನಿನ್ ಮುಖದ್ ತುಂಬ ಇರುವೆ. ನೀನು ಕಣ್ಣು ಬುಟ್ಟೆ. ನನಗೆ ನಗು ಬಂದ್ಬುಡ್ತು ಪುಷ್ಪಾ. ನಗಕ್ಕೆ ಶುರು ಮಾಡ್ದೋಳು ನಿಲ್ಸಕ್ಕೇ ಆಗ್ಲಿಲ್ಲ."

ಅಪ್ಪ ಜಯರಾಮಪ್ಪ ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದ್ದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಅವರು ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಿದ್ದರು. ಅವರಿಗೆ ತಪ್ಪಿದ ದೊಣ್ಣೆ ಯಾರ ಕಡೆ ತಿರುಗಿತ್ತೆಂದು ಅವರಿಗೂ ತಿಳಿದಿರಲಿಲ್ಲ. ಆ ಅಪ್ಪನನ್ನು ಪುಷ್ಪ ಬಹಳ ಪ್ರೀತಿಸಿದ್ದಳು. ಅದನ್ನು ನೆನೆದಾಗ ಸಿಟ್ಟು ಇನ್ನೂ ಹೆಚ್ಚಾಯಿತು, ಯಾರ ಮೇಲೆಂದು ಗೊತ್ತಾಗದ ಸಿಟ್ಟು.

"ಕನಸು ಅಂದ್ರಲ್ಲಮ್ಮ," ಎಂದಳು. "ನನ್ ತಲೆ ಸರಿ ಇಲ್ಲ ಅಂತ ನಾನೇ ನಂಬ್ಕೊಂಡಿದ್ದೆ. ಬಚ್ಚಲ್ಮನೇಗೆ ಚಿಲಕ ಆಕಕ್ಕಾಗಲ್ಲ ನಂಗೆ. ಎಲ್ರೂ ನಗ್ತಾರೆ, ನಾನೂ ನಗ್ತೀನಿ. ಎಷ್ಟ್ ಸತಿ ಏಳ್ದೆ ಆ ಕತೇನ! ನನ್ ಮದುವೆ ಮಂಟಪದಲ್ಲೂ ಏಳ್ದೆ!"

"ಏಳ್ದೇ ಇದ್ರೆ ಸತ್ತೋಗ್ತಿದ್ದೆ," ಎಂದಳು ನರಸಮ್ಮ. ಆಮೇಲೆ ಆರಿಸಿದ ಬೇಳೆಯನ್ನು ಮೊರಕ್ಕೆ ಹಾಕಿ, ಮೊಟ್ಟಮೊದಲ ಸಲ ತಲೆಯೆತ್ತಿ ಮಗಳನ್ನು ನೋಡಿದಳು. "ಮಗೂನ ನನ್ನತ್ರ ಬುಡ್ಬೇಡ ಪುಷ್ಪಾ. ಬುಡ್ಬೇಡ ಅಂತ ಏಳಕ್ಕೆ ಬಂದ ದಿನದಿಂದ ಬಾಯಿ ತೆಗೀತಾ ಇವ್ನಿ, ಬರೀ ತಮಾಷೆ ಬತ್ತೈತೆ. ನನ್ ಕಾಲು ನನ್ ಮಾತು ಕೇಳಲ್ಲ. ಇವತ್ತು ನೋಡ್ದಲ್ಲ."

ಮುನೀಂದ್ರ ಟೀ ತಂದಿಟ್ಟ. ಮೂರು ಲೋಟದಲ್ಲೂ ಉಪ್ಪಿತ್ತು. ಮೂವರೂ ಕೊನೆಯ ಗುಟುಕಿನ ತನಕ ಕುಡಿದರು.

ಭಾನುವಾರ ಪುಷ್ಪ ಮಗುವನ್ನು ಎತ್ತಿಕೊಂಡು ಗಣಿ ಕಡೆಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದಳು. ಆರುಮುಗಂ ತೀರಿಕೊಂಡ ಮೇಲೂ ಕುಪ್ಪಮ್ಮ ಅದೇ ಲೈನ್ ಮನೆಯಲ್ಲಿದ್ದಳು. ಬೊಚ್ಚುಬಾಯಿ, ಗಟ್ಟಿ ಕಾಲು. ಪುಷ್ಪ ನಡೆದದ್ದನ್ನೆಲ್ಲ ಹೇಳಿದಳು. ಮುದುಕಿ ನವ್ಯಳ ಪಾದವನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದಳು. ಆಶ್ಚರ್ಯಪಡಲಿಲ್ಲ.

"ತೆರಿಯುಂ ಕಣ್ಣು, ನಂಗೆ ಗೊತ್ತು," ಎಂದಳು. "ಅವಳ ಮನೇಲಿ ಐತೆ ಅಂದ್ಳಲ್ಲ, ಆಮೇಲೆ ಅಲ್ಲಿ ಇರ್ಲಿಲ್ಲ, ಸಿಕ್ಕಿದ್ದು ನನ್ ಮನೇಲಿ. ಅಷ್ಟು ತಿಳಿಯಲ್ವಾ ನಂಗೆ? ಒಂದ್ ವರ್ಷ ಅವಳ ಜೊತೆ ಮಾತಿಲ್ಲ. ಅಪ್ಪುರಂ, ಆಮೇಲೆ, ಅವ್ಳು ಎಲ್ಲರ ಮುಂದೆ ತಮಾಷೆ ಮಾಡಿ ಏಳಿದ್ಲು, ನಾನೂ ಮರೆತೆ ಅಂತ ನನ್ನೂ ಸೇರಿಸ್ಕೊಂಡು. ಅಯ್ಯೋ, ಸುಳ್ಳಿ ಅನ್ನೋಣ ಅಂತ ಬಾಯಿ ತೆಗೆದೆ. ಅವಳ ಕಣ್ಣು ನೋಡ್ದೆ. ನಾನೂ ನಕ್ಬಿಟ್ಟೆ. ಎನ್ನ ಪಣ್ರದು, ಏನ್ ಮಾಡೋದು? ಮಲಗಿದ್ದ ಪಾಪಾನ ನೋಡ್ದೆ, ಓಡೋ ಗಾಬರೀಲಿ ಒಳಗೆ ಬಿಟ್ಟು ಸರಪಳಿ ಹಾಕಿದ್ದು ನನ್ ಕೈ ತಾನೆ."

"ಪೆರಿಯಮ್ಮ, ನಮ್ಮನೇಗೆ ಬರ್ತೀರಾ? ಅಮ್ಮ ಒಬ್ಳತ್ರ ನಾನು ಬಿಡಲ್ಲ."

"ಅವ್ಳು ಓಡಿದ್ರೆ ನಾ ಇಡ್ಕೋಬೇಕಾ?"

"ಅವ್ಳನ್ನ ಇಡೀಬೇಡಿ. ಮಗೂನ ಇಡ್ಕೊಳ್ಳಿ."

ಕುಪ್ಪಮ್ಮ ಎದ್ದು ಸೀರೆ ಮಡಚತೊಡಗಿದಳು. ಆ ಸಾಯಂಕಾಲ ಬಂಗಾರಪೇಟೆಯ ಮನೆಯಲ್ಲಿ ಇಬ್ಬರು ಮುದುಕಿಯರೂ ಎದುರುಬದುರು ಕೂತು, ತಲೆಯೆತ್ತದೆ ಒಂದು ಬುಟ್ಟಿ ಬೆಳ್ಳುಳ್ಳಿ ಬಿಡಿಸಿದರು. ಆಮೇಲೆ ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕು ಎಂಬುದಕ್ಕೆ ಜೋರು ಜಗಳವಾಡಿದರು. ಮುನೀಂದ್ರನಿಗೆ ಸ್ವಲ್ಪ ಧೈರ್ಯ ಬಂತು.

ಪುಷ್ಪ ತಾಯಿಯನ್ನು ಕ್ಷಮಿಸಿದಳೇ ಎಂದು ಕೇಳಬೇಡಿ. ಅವಳಿಗೇ ತಿಳಿಯದು. ಭಾನುವಾರವೆಲ್ಲ ಅವಳು ತಾಯಿಯ ಮುಖ ನೋಡಿ ಮಾತಾಡಲಿಲ್ಲ. ಆದರೆ ಒಂದು ಮಾತ್ರ ಅವಳಿಗೆ ಸ್ಪಷ್ಟವಾಗಿತ್ತು. ನಗಿಸುತ್ತಿದ್ದ ತಾಯಿಗೆ ಮಗುವನ್ನು ಒಪ್ಪಿಸಲು ಅವಳ ಜೀವ ಒಪ್ಪುತ್ತಿರಲಿಲ್ಲ, ಯಾಕೆಂದು ಗೊತ್ತಿರಲಿಲ್ಲ. ನನ್ನ ಹತ್ತಿರ ಬಿಡಬೇಡ ಎಂದು ಬಾಯಿಬಿಟ್ಟು ಹೇಳಿದ ತಾಯಿ ಬೇರೆ. ಅವಳ ಭಯ ಎಲ್ಲಿದೆ, ಎಷ್ಟಿದೆ ಎಂದು ಈಗ ಕಣ್ಣಿಗೆ ಕಾಣುತ್ತಿತ್ತು.

ಸೋಮವಾರ ಬೆಳಗ್ಗೆ ಪುಷ್ಪ ಮಗುವಿಗೆ ಹಾಲು ಕೊಟ್ಟು, ತಾನೇ ಅದನ್ನು ನರಸಮ್ಮನ ಮಡಿಲಲ್ಲಿ ಇಟ್ಟಳು. ನರಸಮ್ಮ ಏನಾದರೂ ತಮಾಷೆ ಮಾಡಿಯಾಳು ಎಂದು ಎಲ್ಲರೂ ಕಾದರು. ಅವಳು ಮಾಡಲಿಲ್ಲ. ಮಗುವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಉಸಿರು ಬಿಡುವುದಕ್ಕೂ ಹೆದರಿದವಳ ಹಾಗೆ ಕೂತಳು. ಕುಪ್ಪಮ್ಮ ಅವಳ ಮಂಡಿಗೆ ಮಂಡಿ ತಾಗಿಸಿ ಪಕ್ಕದಲ್ಲಿ ಕೂತಳು. ಪುಷ್ಪ ಹಿಂತಿರುಗಿ ನೋಡಿದಳು, ಮತ್ತೆ ನೋಡಿದಳು. ಸ್ಟೇಷನ್ನಿನ ತನಕ ಮುನೀಂದ್ರ ಜೊತೆಗೆ ಬಂದು, ಟ್ಯಾಂಕಿನ ಹಿಂದೆ ಅವಿತುಕೊಳ್ಳದಂತೆ ಕಾವಲು ಕಾದ.

ರೈಲು ಎಂದಿನ ಹಾಗೆ ತುಂಬಿತ್ತು. ಲೇಡೀಸ್ ಬೋಗಿಯ ಹಳೆಯ ಜೊತೆಗಾತಿ ಮುನಿನಾರಾಯಣಮ್ಮ ಸರಿದು ಜಾಗ ಮಾಡಿಕೊಟ್ಟಳು. ಪುಷ್ಪಳ ಕಣ್ಣು ಕೆಂಪಾಗಿತ್ತು. ಮೊದಲ ದಿನ ಎಲ್ಲ ತಾಯಂದಿರೂ ಹೀಗೇ ಎಂದು ಮುನಿನಾರಾಯಣಮ್ಮ ಬೆನ್ನು ತಟ್ಟಿದಳು.

"ಮಗು ಯಾರತ್ರ ಐತೆ?"

"ನಮ್ಮಮ್ಮನತ್ರ."

"ಅಯ್ಯೋ, ತಾಯಿ ಅತ್ರ ಬುಟ್ಟು ಬಂದ್ಮೇಲೆ ಇನ್ನೇನ್ ಭಯ, ಬುಡು."

ರೈಲು ಟೇಕಲ್ ದಾಟುತ್ತಿತ್ತು. ಇಂಥ ಮಾತಿಗೆ ಹಲ್ಲು ಬಿಟ್ಟು ತಲೆಯಾಡಿಸುವುದು ಪುಷ್ಪಳಿಗೆ ಚಿಕ್ಕಂದಿನಿಂದ ರೂಢಿ. ಆವತ್ತು ಅವಳು ನಗಲಿಲ್ಲ.

"ಭಯ ಐತೆ ಕಣಕ್ಕ," ಎಂದಳು. "ಆದ್ರೂ ಬುಟ್ಟು ಬಂದಿವ್ನಿ."